ಪಕ್ಕೆಯಲ್ಲಿ ತೆರೆಯುವ ಅಂಗಿ

ನವೆಂಬರ್ ೧೭, ಭಾನುವಾರ ಬೆಳಿಗ್ಗೆ

ನನ್ನ ಇಲಿಮರಿಗೆ,

ನಿನ್ನ ಅಕ್ಕ ಮನಸಾರೆ ಹರಸಿ ಬರೆಯುವುದು. ನಾನು ಚೆನ್ನಾಗಿದ್ದೇನೆ. ಮಂಡಿ ನೋವೊಂದು ಬಿಟ್ಟರೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ನಲವತ್ತು ದಾಟಿದವಳನ್ನು ಇಲಿಮರಿ ಎಂದು ಕರೆಯಬೇಡ ಎಂದು ನೀನೊಮ್ಮೆ ಮುನಿಸಿಕೊಂಡಿದ್ದೆ. ಏನು ಮಾಡಲಿ, ಮಂಚದ ಕೆಳಗೆ ಚಿಂದಿ ಬಟ್ಟೆ ಗುಡ್ಡೆ ಹಾಕಿಕೊಂಡು ಅದರ ನಡುವೆಯೇ ನಿದ್ದೆ ಹೋಗುತ್ತಿದ್ದವಳಿಗೆ ಆ ಹೆಸರಿಟ್ಟವಳು ನಾನೇ ತಾನೆ. ನನ್ನ ಬಾಯಿಗೆ ಬೇರೆ ಹೆಸರು ಬರುವುದಿಲ್ಲ.

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ನೀನೀಗಿರುವ ಆ ಊರಿನಲ್ಲಿ ಮತ್ತೆ ಅಂಗಡಿ ತೆರೆಯುತ್ತಿದ್ದೀಯ, ಬೆಳಕು ಚೆನ್ನಾಗಿ ಬರುವ ಕೋಣೆ ಸಿಕ್ಕಿದೆ, ಎರಡು ಮೆಷಿನ್ ಹಾಕಿದ್ದೀಯ. "ಒಂದು ನನಗೆ, ಒಂದು ನಿನಗೆ. ಸಾಕು ಅಕ್ಕಾ ಆ ಗಾರ್ಮೆಂಟ್ಸು. ರಾಜೀನಾಮೆ ಕೊಟ್ಟು ಬಂದುಬಿಡು, ಇಬ್ಬರೇ ಮಾಡೋಣ" ಎಂದು ಬರೆದಿದ್ದೀಯ. ಅದನ್ನು ಕ್ಯಾಂಟೀನಿನಲ್ಲಿ ಕೂತು ಓದಿ ಎಲ್ಲರೆದುರು ಅತ್ತೆ. ಪಕ್ಕದಲ್ಲಿ ಊಟ ಮಾಡುತ್ತಿದ್ದವಳು ಯಾರು ಹೋದರು ಎಂದು ಕೇಳಿದಳು. ಯಾರೂ ಹೋಗಿಲ್ಲ, ನನ್ನ ತಂಗಿ ನನ್ನನ್ನು ಕರೆಯುತ್ತಿದ್ದಾಳೆ ಎಂದೆ. ಅದಕ್ಕೂ ಅಳುತ್ತಾರಾ ಎಂದು ಅವಳು ಡಬ್ಬಿ ಮುಚ್ಚಿಕೊಂಡು ಎದ್ದುಹೋದಳು.

ನಾನು ಬರುವುದಿಲ್ಲ ಕಣೇ. ಯಾಕೆ ಎಂದು ಹೇಳಬೇಕಾದರೆ ಆರು ವರ್ಷ ಹಿಂದಕ್ಕೆ ಹೋಗಬೇಕು. ಆಗ ನಡೆದದ್ದೆಲ್ಲ ನಿನಗೆ ಗೊತ್ತು ಎಂದು ನೀನು ತಿಳಿದಿದ್ದೀಯ. ನಿನಗೆ ತಿಳಿದಿರುವುದರಲ್ಲಿ ಮುಕ್ಕಾಲು ಪಾಲು ನಾನು ನಿನ್ನ ತಲೆಯಲ್ಲಿ ತುಂಬಿದ್ದು.

ಅದಕ್ಕೂ ಹಿಂದೆ, ಅಮ್ಮನಿಂದಲೇ ಶುರು ಮಾಡುತ್ತೇನೆ. ಅವಳ ಬಲಗೈ, ಬಲಗಾಲು ಬಿದ್ದುಹೋದ ಮೇಲೆ ಮೂರು ವರ್ಷ ಆ ಹಿಂದಿನ ಕೋಣೆಯಲ್ಲಿ ಮಲಗಿದ್ದಳಲ್ಲ. ಬೆಳಿಗ್ಗೆ ಅವಳನ್ನು ಒರೆಸಿ ಬಟ್ಟೆ ಬದಲಾಯಿಸುವುದು ನನ್ನ ಕೆಲಸ. ಏಳೂವರೆಗೆ ಫ್ಯಾಕ್ಟರಿ ಬಸ್ಸು. ಸೆಟೆದುಕೊಂಡ ಆ ಕೈಯನ್ನು ರವಿಕೆಯ ತೋಳಿಗೆ ತೂರಿಸಬೇಕಾದರೆ ಎಳೆಯಲೇಬೇಕಿತ್ತು. ನಾನು ಎಳೆಯುತ್ತಿದ್ದೆ. ಅವಳು ನರಳುತ್ತಿದ್ದಳು. ಸ್ವಲ್ಪ ತಡಕೋ ಅಮ್ಮ ಎನ್ನುವ ಮಾತು ಮೊದಲ ವರ್ಷ ನನ್ನ ಬಾಯಲ್ಲಿತ್ತು, ಆಮೇಲೆ ಅದೂ ಇರಲಿಲ್ಲ.

ಒಂದು ದಿನ ನೀನು ಹಳೆಯ ಬೆಡ್‌ಶೀಟ್ ಹರಿದು ಒಂದು ಅಂಗಿ ಹೊಲಿದು ತಂದೆ. ಮಣಿಕಟ್ಟಿನಿಂದ ಕಂಕುಳಿನ ತನಕ, ಅಲ್ಲಿಂದ ಪಕ್ಕೆಯುದ್ದಕ್ಕೂ ಅಂಚಿನ ತನಕ ಒಂದೇ ಸಮ ತೆರೆಯುವ ಅಂಗಿ. ಕೈ ಎತ್ತುವುದು ಬೇಡ, ಮಗುಚುವುದು ಬೇಡ. ಮೇಲೆ ಹಾಸಿ ಪಕ್ಕದಲ್ಲಿ ಟಿಚ್ ಬಟನ್ ಒತ್ತಿದರೆ ಮುಗಿಯಿತು. ಅಮ್ಮ ಅವತ್ತು ನಕ್ಕಳು. ಬಾಯಿ ಒಂದು ಕಡೆಗೆ ಸೊಟ್ಟಗಾಗಿದ್ದರೂ ನಕ್ಕಿದ್ದು ಗೊತ್ತಾಯಿತು. ಮಾರನೇ ದಿನ ನಾನು ಅದೇ ಅಂಗಿ ಹಿಡಿದು ಹತ್ತಿರ ಹೋದರೆ ಎಡಗೈಯಿಂದ ನನ್ನನ್ನು ದೂಡಿದಳು. ಬಾಗಿಲ ಕಡೆ ನೋಡುತ್ತ ನೀನು ಬರುವುದನ್ನೇ ಕಾಯುತ್ತಿದ್ದಳು. ಆಮೇಲೆ ಪ್ರಾಣ ಹೋಗುವ ತನಕ ನನ್ನ ಕೈಯಿಂದ ಬಟ್ಟೆ ಹಾಕಿಸಿಕೊಳ್ಳಲೇ ಇಲ್ಲ. ಬಸ್ಸಿಗೆ ಹೊತ್ತಾಗುವುದು ತಪ್ಪಿತು ಎಂದು ನಾನು ನಿನ್ನೆದುರು ಖುಷಿಪಟ್ಟೆ. ನೀನು ನಂಬಿದೆ.

ಅಮ್ಮ ಹೋಗಿ ವರ್ಷ ತುಂಬುವ ಹೊತ್ತಿಗೆ ನೀನು ಕೆಲಸ ಬಿಡುತ್ತೇನೆಂದು ಹೊರಟೆ. ಫ್ಯಾಕ್ಟರಿಯಲ್ಲಿ ನಿನ್ನ ಜಾಗ ಸಾಮಾನ್ಯದ್ದಲ್ಲ. ಯಾವ ಬಟ್ಟೆಯೇ ಇರಲಿ, ಮೊದಲ ಒಂದನ್ನು ನೀನು ಹೊಲಿಯಬೇಕು, ಅದನ್ನು ನೋಡಿ ಮಿಕ್ಕ ಮುನ್ನೂರು ಜನ ಹೊಲಿಯಬೇಕು. ಹದಿನೆಂಟು ವರ್ಷಕ್ಕೆ ನಿನ್ನನ್ನು ಕೈ ಹಿಡಿದು ಅಲ್ಲಿಗೆ ಕರೆದುಕೊಂಡು ಹೋದವಳು ನಾನು. ನಾನು ಲೈನ್ ಸೂಪರ್‌ವೈಸರ್ ಆಗಲು ಹದಿನಾಲ್ಕು ವರ್ಷ ಬೇಕಾಯಿತು, ನೀನು ನಾಲ್ಕೇ ವರ್ಷಕ್ಕೆ ಸ್ಯಾಂಪಲ್ ಕೋಣೆಯ ಗಾಜಿನ ಬಾಗಿಲಿನಾಚೆ ಕೂತೆ. ಮ್ಯಾನೇಜರ್ ಎದುರು ಕಾಗದ ಇಟ್ಟು ನೀನು ಹೇಳಿದ ಮಾತು ನನಗಿನ್ನೂ ನೆನಪಿದೆ.

"ಸರ್, ಆರಾಮಾಗಿ ಓಡಾಡೋರಿಗೆ ಬಟ್ಟೆ ಹೊಲಿಯೋಕೆ ಬೇಕಾದಷ್ಟು ಜನ ಇದ್ದಾರೆ. ನಾನು ಮಲಗಿದೋರಿಗೆ ಹೊಲೀತೀನಿ."

ಮ್ಯಾನೇಜರ್ ನನ್ನ ಕಡೆ ತಿರುಗಿ, "ಏನಮ್ಮ, ನೀವಾದರೂ ಬುದ್ಧಿ ಹೇಳಬಾರದಾ?" ಎಂದರು. "ಅವಳು ಹಟಮಾರಿ ಸರ್, ಹೋಗಿ ನೋಡಿಕೊಂಡು ಬರಲಿ" ಎಂದೆ. ಬಂದೇ ಬರುತ್ತೀಯ ಎಂದು ನಾವಿಬ್ಬರೂ ನಕ್ಕೆವು. ನೀನೂ ನಕ್ಕೆ.

ಆಸ್ಪತ್ರೆಯ ಹಿಂಬಾಗಿಲಿನ ಎದುರು, ಔಷಧಿ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ ನಿನಗೆ ಸಿಕ್ಕ ಆ ಕೋಣೆ ಮೊದಲು ಸೈಕಲ್ ರಿಪೇರಿಯವನದು. ನೆಲದ ಎಣ್ಣೆ ಕಲೆ ಹೋಗಲಿ ಎಂದು ಇಬ್ಬರೂ ಮಂಡಿಯೂರಿ ಸೋಡಾ ಪುಡಿ ಹಾಕಿ ತಿಕ್ಕಿದೆವು. ಮೊದಲು ಬಂದವರು ಡ್ರಾಯಿಂಗ್ ಮೇಷ್ಟ್ರು. ಅವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಮಗಳು ತಳ್ಳಿಕೊಂಡು ಬಂದಳು. ಮೇಷ್ಟ್ರ ಬಲಗೈ ಎದೆಗೆ ಅಂಟಿಕೊಂಡು ಹಾಗೇ ನಿಂತುಬಿಟ್ಟಿತ್ತು. ಅಳತೆ ತೆಗೆಯುವಾಗ ನೀನು ಆ ಕೈಯನ್ನು ಅಲ್ಲಾಡಿಸಲೇ ಇಲ್ಲ, ಟೇಪನ್ನೇ ಅದರ ಸುತ್ತ ಹಾಯಿಸಿದೆ. ಮೂರನೇ ದಿನ ಅಂಗಿ ಹಾಕಿಕೊಂಡಾಗ ಅವರು ಕನ್ನಡಿ ತರಿಸಿ ಬಹಳ ಹೊತ್ತು ನೋಡಿಕೊಂಡರು.

"ಎರಡು ವರ್ಷದಿಂದ ಟವಲ್ ಹೊದ್ದುಕೊಂಡು ಕೂತಿದ್ದೆ ಕಣಮ್ಮ. ಇವತ್ತು ಯಾರಾದರೂ ಬಂದರೆ ಬಾಗಿಲು ತೆಗೀಬಹುದು" ಎಂದರು.

ಗೋಡೆಗೆ ಒರಗಿ ನಿಂತು ನಾನು ಇದನ್ನೆಲ್ಲ ನೋಡುತ್ತಿದ್ದೆ. ಅಮ್ಮ ನಕ್ಕ ದಿನ ಕೋಣೆಯ ಹೊಸ್ತಿಲಲ್ಲಿ ಹೀಗೇ ನಿಂತಿದ್ದೆ. ನನಗೆ ಅವತ್ತು ಆದದ್ದು ಬರೀ ಹೊಟ್ಟೆಕಿಚ್ಚು ಎಂದು ಬರೆದರೆ ಸುಲಭವಾಗಿ ಮುಗಿಯುತ್ತದೆ, ಹಾಗೆಂದೇ ಇಟ್ಟುಕೋ.

ಮೇಷ್ಟ್ರಿಂದ ಸುದ್ದಿ ಹಬ್ಬಿತು. ಆಸ್ಪತ್ರೆಯ ದೊಡ್ಡ ನರ್ಸು ನಿನ್ನ ಅಂಗಿಯೊಂದನ್ನು ವಾರ್ಡಿನಲ್ಲಿ ಎಲ್ಲರಿಗೂ ತೋರಿಸಿ, ಇಂಥದ್ದೇ ಬೇಕೆಂದು ಮೇಲಿನವರಿಗೆ ಬರೆದುಕೊಟ್ಟಳು. ಸಂಜೆ ಡ್ಯೂಟಿ ಮುಗಿಸಿ ನಿನ್ನ ಅಂಗಡಿಗೆ ಬಂದು ಗುಂಡಿ ಹಚ್ಚಿಕೊಡುತ್ತಿದ್ದಳಲ್ಲ, ಅಷ್ಟು ಹಚ್ಚಿಕೊಂಡಿದ್ದಳು ಆ ಹೆಂಗಸು. ನೀನು ಮೂರು ಜನರನ್ನು ಸೇರಿಸಿಕೊಂಡು ವಾರಕ್ಕೆ ಐವತ್ತು ಅಂಗಿ ಕೊಡುತ್ತೇನೆಂದು ಒಪ್ಪಿಕೊಂಡೆ.

ಈ ಮಾತು ಮ್ಯಾನೇಜರ್ ಕಿವಿಗೆ ಬಿತ್ತು. ನನ್ನನ್ನು ಕರೆದು, "ಆ ಅಂಗಿ ಹೇಗಿದೆ, ನೋಡಿದ್ದೀರಾ?" ಎಂದರು. ಅಷ್ಟೇ ಕೇಳಿದ್ದು. ತಂದುಕೊಡಿ ಎಂದು ಅವರು ಹೇಳಲಿಲ್ಲ.

ನಾನು ಹೊಸದಾಗಿ ಸೇರಿದ್ದ ಬಾಡಿಗೆ ಮನೆಯ ಪಕ್ಕದ ಅಜ್ಜ ಜಾರಿ ಬಿದ್ದಿದ್ದಾರೆ, ಅವರಿಗೊಂದು ಅಂಗಿ ಹೊಲಿದುಕೊಡು ಎಂದು ಕೇಳಿದ್ದೆ, ನೆನಪಿದೆಯಾ? ನಮ್ಮ ಪಕ್ಕದ ಮನೆಯಲ್ಲಿ ಅಜ್ಜನೇ ಇಲ್ಲ. ಗಂಡ, ಹೆಂಡತಿ, ಒಂದು ನಾಯಿ. ನೀನು ಆಸ್ಪತ್ರೆಯ ಕೆಲಸ ಪಕ್ಕಕ್ಕಿಟ್ಟು ಎರಡು ದಿನ ಕೂತು ಹೊಲಿದೆ. ಅಜ್ಜನ ಚರ್ಮ ತೆಳ್ಳಗಿರುತ್ತೆ ಅಕ್ಕಾ ಎಂದು ಒಳಗಿನ ಹೊಲಿಗೆಗೆಲ್ಲ ಮೆತ್ತನೆ ಬಟ್ಟೆಯ ಪಟ್ಟಿ ಕೊಟ್ಟೆ. ಇಸ್ತ್ರಿ ಮಾಡಿ, ಕಾಗದದಲ್ಲಿ ಸುತ್ತಿ, ಹೇಗಿದ್ದಾರೆ ಎಂದು ಬಂದು ಹೇಳು ಎಂದೆ. ನಾನದನ್ನು ಮಾರನೇ ಬೆಳಿಗ್ಗೆ ಕಟಿಂಗ್ ಟೇಬಲ್ ಮೇಲೆ ಹರಡಿ ಬ್ಲೇಡಿನಿಂದ ಒಂದೊಂದೇ ಹೊಲಿಗೆ ಬಿಚ್ಚಿದೆ. ನಿನ್ನ ಹೊಲಿಗೆ ಬಿಚ್ಚುವುದು ಎಷ್ಟು ಕಷ್ಟ ಮಾರಾಯ್ತಿ. ಮಧ್ಯಾಹ್ನದ ಬೆಲ್ ಆಗುವವರೆಗೂ ಹಿಡಿಯಿತು. ಒಂಬತ್ತು ತುಂಡುಗಳನ್ನೂ ರಟ್ಟಿನ ಮೇಲಿಟ್ಟು ಗೆರೆ ಎಳೆದು ಪ್ಯಾಟರ್ನ್ ಕತ್ತರಿಸಿ ಮೇಲೆ ಕೊಟ್ಟೆ. ಸಂಜೆ ನಿನ್ನ ಅಂಗಡಿಗೆ ಬಂದು ಅಜ್ಜ ಸುಖವಾಗಿ ನಿದ್ದೆ ಮಾಡಿದರು ಎಂದೆ. ನಿನಗೆ ಎಷ್ಟು ಸಂತೋಷವಾಯಿತು.

ಒಂದು ತಿಂಗಳಲ್ಲಿ ನಮ್ಮ ಫ್ಯಾಕ್ಟರಿ ಆಸ್ಪತ್ರೆಗೆ ಎಂಟುನೂರು ಅಂಗಿ ಕೊಟ್ಟಿತು. ನಿನ್ನ ಐವತ್ತನ್ನು ಅವರು ವಾಪಸ್ ಕಳಿಸಿದರು.

ನಮ್ಮ ಅಂಗಿಯನ್ನು ನೀನು ನೋಡಿದ ದಿನ ನಾನು ಎದುರಿಗೇ ಇದ್ದೆ. ನಿನ್ನ ಮುಖ ಬೂದಿಯಂತಾಯಿತು. "ಯಾರು ಕೊಟ್ಟಿರಬಹುದು ಅಕ್ಕಾ?" ಎಂದು ಕೇಳಿದೆ. ಆಗ ಹೇಳಬಹುದಿತ್ತು. "ನಿನ್ನ ಅಂಗಿ ಇನ್ಯಾರ ಹತ್ತಿರ ಇತ್ತು, ನೀನೇ ಯೋಚನೆ ಮಾಡು" ಎಂದೆ. ದೊಡ್ಡ ನರ್ಸಿನ ಹೆಸರನ್ನು ನಾನು ಎತ್ತಲಿಲ್ಲ, ನೀನೇ ಎತ್ತಿದೆ. ವಾರ್ಡಿಗೆ ನುಗ್ಗಿ ರೋಗಿಗಳ ಮುಂದೆ ಅವಳನ್ನು ಕಳ್ಳಿ ಎಂದೆ. ನಾನು ನಿನ್ನ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದೆ, ನಿನ್ನ ಬ್ಯಾಗ್ ಹಿಡಿದುಕೊಂಡು.

ಆ ವಾರವೇ ಆಕೆ ನನ್ನ ಮನೆ ಹುಡುಕಿಕೊಂಡು ಬಂದಳು. ಇದನ್ನು ನಿನಗೆ ಯಾರೂ ಹೇಳಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತಳು.

"ನಾನು ಕೊಟ್ಟಿಲ್ಲ. ನೀವು ಅವರ ಅಕ್ಕ, ನೀವು ಹೇಳಿದರೆ ನಂಬ್ತಾರೆ" ಎಂದಳು.

"ಅವಳು ಯಾರ ಮಾತೂ ಕೇಳಲ್ಲ" ಎಂದು ನಾನು ನೀರು ಕೊಟ್ಟೆ.

ನೀರು ಕುಡಿಯದೆ ನನ್ನನ್ನೇ ನೋಡಿದಳು. ಆಮೇಲೆ ಮೆಲ್ಲಗೆ, "ಓಹೋ" ಎಂದಳು. ಅಷ್ಟೇ. ಚಪ್ಪಲಿ ಮೆಟ್ಟಿಕೊಂಡು ಹೋದಳು. ನಿನ್ನ ಗಲಾಟೆಯಾದ ಮೇಲೆ ಅವಳನ್ನು ಆ ವಾರ್ಡಿನಿಂದ ತೆಗೆದು ಕೆಳಗೆ ಹೊರರೋಗಿಗಳ ಚೀಟಿ ಬರೆಯಲು ಕೂರಿಸಿದರು. ವರ್ಷದ ಹಿಂದೆ ಕಂಡಾಗಲೂ ಅಲ್ಲೇ ಕೂತಿದ್ದಳು. ನನ್ನ ಮಂಡಿ ನೋವಿಗೆ ಚೀಟಿ ಬರೆದುಕೊಟ್ಟವಳು ಅವಳೇ. ಹೆಸರು, ವಯಸ್ಸು ಕೇಳಿದಳು, ಬೇರೇನೂ ಕೇಳಲಿಲ್ಲ.

ಇನ್ನು ಹೇಳಬೇಕಾದದ್ದು ಇದಕ್ಕಿಂತ ಕೆಟ್ಟದ್ದು. ಓದುವುದಾದರೆ ಕೂತು ಓದು.

ನಿನ್ನ ಅಂಗಿಯಲ್ಲಿ ಪಕ್ಕೆಯ ಹೊಲಿಗೆ ಎರಡು ಬೆರಳಿನಷ್ಟು ಮುಂದೆ ಇರುತ್ತದೆ. ಮಲಗಿದವರ ಮೈಭಾರ ಅದರ ಮೇಲೆ ಬೀಳದಿರಲಿ ಎಂದು. ಅದರ ಅಂಚನ್ನು ಎರಡು ಸಲ ಮಡಚಿ, ಮೇಲೆ ಪಟ್ಟಿ ಕೊಟ್ಟು, ಸುತ್ತ ಹೊಲಿಯಬೇಕು. ಲೈನಿನಲ್ಲಿ ಅದೊಂದಕ್ಕೇ ಆರು ನಿಮಿಷ ಹಿಡಿಯುತ್ತಿತ್ತು. ಮೊದಲ ಎಂಟುನೂರರ ನಂತರ ಆಸ್ಪತ್ರೆಯವರು ಇನ್ನಷ್ಟು ಕೇಳಿದಾಗ ದಿನದ ಲೆಕ್ಕ ತಲುಪುತ್ತಿರಲಿಲ್ಲ. ಮ್ಯಾನೇಜರ್ ದಿನಾ ಸಂಜೆ ನನ್ನ ಮೇಜಿನ ಹತ್ತಿರ ಬಂದು ಗಡಿಯಾರ ನೋಡಿ ಹೋಗುತ್ತಿದ್ದರು. ನಾನು ಪಟ್ಟಿ ತೆಗೆಸಿದೆ. ಹೊಲಿಗೆಯನ್ನು ಹಿಂದಕ್ಕೆ ಸರಿಸಿ ನೇರ ಮಾಡಿ ಒಂದೇ ಓಟದಲ್ಲಿ ಮುಗಿಯುವ ಹಾಗೆ ಮಾಡಿದೆ. ಒಂದೂವರೆ ನಿಮಿಷಕ್ಕೆ ಇಳಿಯಿತು. ಆ ತಿಂಗಳು ನನ್ನ ಲೈನಿನ ಫಲಕಕ್ಕೆ ಹೂವಿನ ಹಾರ ಹಾಕಿದರು.

ನನಗೆ ಗೊತ್ತಿರಲಿಲ್ಲ ಎಂದು ಬರೆಯಲು ಪೆನ್ನು ಎತ್ತಿದ್ದೆ. ಗೊತ್ತಿತ್ತು. ಅಮ್ಮನ ಬೆನ್ನು ಒರೆಸಿದವಳು ನಾನು. ಒಂದು ಮಡಿಕೆ, ಒಂದು ಗಂಟು ಏನು ಮಾಡುತ್ತದೆ ಎಂದು ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು.

ಮಳೆಗಾಲ ಮುಗಿಯುವಷ್ಟರಲ್ಲಿ ವಾರ್ಡಿನಲ್ಲಿ ಹುಣ್ಣು ಶುರುವಾಯಿತು. ಅದೇ ಹೊತ್ತಿಗೆ ಮೇಷ್ಟ್ರನ್ನು ಎರಡನೇ ಸಲ ಸೇರಿಸಿದ್ದರು. ಸೇರಿಸಿದವರಿಗೆಲ್ಲ ಆಸ್ಪತ್ರೆಯ ಅಂಗಿಯನ್ನೇ ಹಾಕಬೇಕು, ಮನೆಯದ್ದು ಬಿಡುವುದಿಲ್ಲ. ಐದು ವಾರ ಅಲುಗಾಡದೆ ಮಲಗಿದ್ದರು. ಬೆನ್ನಿನ ಬಲಗಡೆ ಗೆರೆ ಎಳೆದ ಹಾಗೆ ಉದ್ದಕ್ಕೂ ಗಾಯವಾಯಿತಂತೆ. ಕೀವು ತುಂಬಿ ನಂಜೇರಿ ಹೋದರು. ಮೊದಲೇ ಸಣ್ಣಗಾಗಿದ್ದರು, ಹೇಗೂ ಉಳಿಯುತ್ತಿರಲಿಲ್ಲವೇನೋ ಎಂದು ನಾನು ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ.

ಆಸ್ಪತ್ರೆಯವರು ಫ್ಯಾಕ್ಟರಿಗೆ ಪತ್ರ ಬರೆದು ಈ ಅಂಗಿ ಯಾರು ಮಾಡಿದ್ದು ಎಂದು ಕೇಳಿದರು. ಮ್ಯಾನೇಜರ್ ನನ್ನನ್ನು ಕರೆಸಿದರು. ಎದುರಿನ ಕಾಗದದಲ್ಲಿ ಟೈಪ್ ಮಾಡಿ ಇಟ್ಟಿದ್ದರು: ಪ್ಯಾಟರ್ನ್ ನಮ್ಮದಲ್ಲ, ಹಿಂಬಾಗಿಲಿನ ಎದುರಿನ ಅಂಗಡಿಯದು, ನಾವು ಅದರಂತೆಯೇ ಹೊಲಿದಿದ್ದೇವೆ. ಕೆಳಗೆ ಸಹಿಗೆ ಜಾಗ ಬಿಟ್ಟಿದ್ದರು.

"ನೀವು ಸಹಿ ಮಾಡಲೇಬೇಕು ಅಂತೇನಿಲ್ಲಮ್ಮ. ಹೊಲಿಗೆ ಹಿಂದಕ್ಕೆ ಸರಿಸಿದ್ದು ಯಾರು ಅಂತ ನಾವೇ ಬರ್ಕೊಡ್ತೀವಿ" ಎಂದರು.

ಸಹಿ ಮಾಡಿದೆ. ನನ್ನ ಸಹಿ ಚೆನ್ನಾಗಿಯೇ ಬಂತು.

ಪ್ಯಾಟರ್ನ್ ನಿನ್ನದೆಂದು ಆಸ್ಪತ್ರೆಯವರಿಂದ ತಿಳಿದ ಮೇಷ್ಟ್ರ ಮಗಳು ಆ ಅಂಗಿ ತಂದು ನಿನ್ನ ಮೆಷಿನ್ ಮೇಲೆ ಎಸೆದಳು. "ಅಪ್ಪನಿಗೆ ಬಾಗಿಲು ತೆಗೆಯೋ ಹಾಗೆ ಮಾಡಿದ್ರಿ ಅಂತ ದಿನಾ ನೆನೆಸ್ಕೊತಿದ್ವಿ. ನಿಮ್ಮ ಹೊಲಿಗೇನೇ ಅವರನ್ನ ತಿಂದುಹಾಕ್ತು" ಎಂದಳು. ನೀನು ಅಂಗಿ ತಿರುಗಿಸಿ ನೋಡಿ, ಇದು ನನ್ನ ಹೊಲಿಗೆಯಲ್ಲ, ಎರಡು ಬೆರಳು ಹಿಂದಿದೆ, ಎರಡು ಬೆರಳು ಹಿಂದಿದೆ ಎಂದು ಒಂದೇ ಸಮ ಹೇಳುತ್ತಲೇ ಇದ್ದೆ. ಅಪ್ಪನನ್ನು ಕಳೆದುಕೊಂಡವಳಿಗೆ ಎರಡು ಬೆರಳಿನ ಮಾತು ಹೇಳಿದರೆ ಏನು ತಿಳಿಯಬೇಕು. ಆ ಬೀದಿಯಲ್ಲಿ ಮತ್ತೆ ನಿನ್ನ ಬಾಗಿಲಿಗೆ ಯಾರೂ ಗಾಲಿಕುರ್ಚಿ ತಂದು ನಿಲ್ಲಿಸಲಿಲ್ಲ. ನಿನ್ನ ಜೊತೆಗಿದ್ದ ಮೂರು ಜನ ಒಬ್ಬೊಬ್ಬರಾಗಿ ಬಿಟ್ಟರು. ಎರಡು ತಿಂಗಳಿಗೆ ನೀನೂ ಬಾಗಿಲು ಹಾಕಿದೆ.

ಕೆಲಸಕ್ಕೆ ವಾಪಸ್ ಬರುತ್ತೇನೆಂದು ನನ್ನ ಮನೆಗೆ ಬಂದು ಕೂತೆಯಲ್ಲ, ಆಗ ನಾನು ನಿನ್ನ ತಲೆ ಸವರಿ, ಸ್ಯಾಂಪಲ್ ಕೋಣೆ ಖಾಲಿಯಿಲ್ಲ, ಲೈನಿಗಾದರೂ ಸೇರಿಸಲು ಕೈಕಾಲು ಹಿಡಿಯುತ್ತೇನೆ ಎಂದೆ. ಸ್ಯಾಂಪಲ್ ಕೋಣೆಯಲ್ಲಿ ಇಬ್ಬರಿಗೆ ಜಾಗವಿತ್ತು. ಮ್ಯಾನೇಜರ್ ನಿನ್ನನ್ನು ಅಲ್ಲಿಗೇ ತೆಗೆದುಕೊಳ್ಳಲು ತಯಾರಿದ್ದರು. ಬೇಡ ಸರ್, ಸ್ವಲ್ಪ ದಿನ ಲೈನಿನಲ್ಲಿರಲಿ, ಬುದ್ಧಿ ಬರಲಿ ಎಂದವಳು ನಾನು. ಶಾಲೆ ಯೂನಿಫಾರ್ಮಿನ ಲೈನಿತ್ತು, ಏಪ್ರನ್ನಿನ ಲೈನಿತ್ತು. ಬೇರೆ ಊರಿನ ಆಸ್ಪತ್ರೆಗಳಿಗೆ ಹೋಗುತ್ತಿದ್ದ ಅದೇ ಅಂಗಿಯ ಲೈನಿಗೇ, ಪಕ್ಕೆ ಹೊಲಿಗೆಯ ಮೆಷಿನ್ನಿಗೇ ನಿನ್ನನ್ನು ಹಾಕಿದೆ.

ಮೊದಲ ದಿನವೇ ನೀನು ಮೆಷಿನ್ ನಿಲ್ಲಿಸಿ, "ಅಕ್ಕಾ, ಇದು ಈಗಲೂ ಹಿಂದೇನೇ ಇದೆ" ಎಂದೆ. ಸುತ್ತ ನಲವತ್ತು ಜನ ಕೇಳುತ್ತಿದ್ದರು. "ಇಲ್ಲಿ ಅಕ್ಕ ಯಾರೂ ಇಲ್ಲ. ಮಾತಾಡಬೇಡಿ, ಟಾರ್ಗೆಟ್ ನೋಡ್ಕೊಳಿ" ಎಂದೆ. ನಿನ್ನನ್ನು ನೀವು ಎಂದು ಕರೆದದ್ದು ಜೀವಮಾನದಲ್ಲಿ ಅದೊಂದೇ ಸಲ. ನೀನು ತಲೆ ತಗ್ಗಿಸಿ ಪೆಡಲ್ ಒತ್ತಿದೆ. ಏಳು ತಿಂಗಳು ಅದನ್ನೇ ಹೊಲಿದೆ. ನಾನು ದಿನಾ ನಿನ್ನ ಹಿಂದೆ ನಿಂತು ಎಣಿಸಿದೆ. ನಿನ್ನ ಕೈ ಅಲ್ಲಿಯೂ ಉಳಿದವರಿಗಿಂತ ಚುರುಕಾಗಿತ್ತು. ಆಮೇಲೆ ಒಂದು ಸೋಮವಾರ ನೀನು ಬಸ್ಸಿನಲ್ಲಿರಲಿಲ್ಲ. ಆ ಊರಿಗೆ ಹೋದೆ ಎಂದು ಆಮೇಲೆ ತಿಳಿಯಿತು.

ಅಲ್ಲಿಂದಲೂ ನೀನು ತಿಂಗಳಿಗೊಂದು ಕಾಗದ ತಪ್ಪಿಸಲಿಲ್ಲ. ಕೆಟ್ಟ ದಿನಗಳಲ್ಲಿ ನನ್ನ ಜೊತೆ ನಿಂತವಳು ಅಕ್ಕ ಒಬ್ಬಳೇ ಎಂದು ಬರೆಯುತ್ತೀಯ. ಪ್ರತಿ ಸಲವೂ ನಾನದನ್ನು ಎರಡು ಸಲ ಓದಿ ಮಡಚಿಡುತ್ತೇನೆ.

ಇಷ್ಟೆಲ್ಲ ಓದಿದ ಮೇಲೂ ನೀನು ಕ್ಷಮಿಸಿಬಿಡುತ್ತೀಯೇನೋ ಎಂಬ ಭಯ ನನಗಿದೆ. ನಿನ್ನ ಬುದ್ಧಿ ನನಗೆ ಗೊತ್ತು. ಕಣ್ಣೊರೆಸಿಕೊಂಡು, ಆದದ್ದಾಯಿತು ಅಕ್ಕಾ, ಬಾ ಎಂದು ಇನ್ನೊಂದು ಕಾಗದ ಬರೆಯುತ್ತೀಯ. ಬರೆಯಬೇಡ. ನಿನ್ನ ಪಕ್ಕದ ಮೆಷಿನ್ನಿನಲ್ಲಿ ಕೂತು ದಿನಾ ನಿನ್ನ ಕೈ ನೋಡಿಕೊಂಡು ಇರಲು ನನ್ನಿಂದಾಗದು. ಆ ಮೆಷಿನ್ ಬೇರೆ ಯಾರಿಗಾದರೂ ಕೊಡು. ಸಾಧ್ಯವಾದರೆ ದೊಡ್ಡ ನರ್ಸಿಗೆ ಒಂದು ಕಾಗದ ಹಾಕು, ನನ್ನ ಕೈಯಲ್ಲಿ ಅದೂ ಆಗಲಿಲ್ಲ. ಮೇಷ್ಟ್ರ ಮಗಳಿಗೆ ಏನು ಹೇಳಬೇಕೋ ನನಗೆ ತಿಳಿಯದು. ಈ ಪತ್ರವನ್ನು ತೋರಿಸಬೇಕೆನಿಸಿದರೆ ತೋರಿಸು. ನನ್ನ ಸಹಿ ಕೆಳಗಿದೆ, ಸುಳ್ಳು ಎಂದು ನಾನು ಹೇಳುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಬಗ್ಗಿ ಹೊಲಿಯಬೇಡ, ನಿನ್ನ ಕತ್ತು ಮೊದಲಿನಿಂದಲೂ ಸೂಕ್ಷ್ಮ.

ನಿನ್ನನ್ನು ಎತ್ತಿ ಆಡಿಸಿದ,
ಅಕ್ಕ

ಮರೆತ ಮಾತು: ಲಕೋಟೆಯಲ್ಲಿ ನಿನ್ನ ಕಾಗದದ ಜೊತೆ ಇನ್ನೊಂದು ಹಾಳೆ ಇತ್ತು. ಕೂತಲ್ಲೇ ಇರುವವರಿಗೆ, ಏಳದೆ ಹಾಕಿಕೊಳ್ಳುವ ಪ್ಯಾಂಟು. ಅಳತೆಗಳನ್ನೆಲ್ಲ ಬರೆದು, ಇದನ್ನು ಮೊದಲು ನಿನಗೇ ತೋರಿಸುತ್ತಿರುವುದು ಎಂದು ಮೂಲೆಯಲ್ಲಿ ಗೀಚಿದ್ದೀಯ. ಅದನ್ನು ವಾಪಸ್ ಕಳಿಸಲು ಆಗುವುದಿಲ್ಲ, ಕಾಗದ ಬಂದ ದಿನ ಮಧ್ಯಾಹ್ನವೇ ಮ್ಯಾನೇಜರಿಗೆ ಕೊಟ್ಟೆ. ಮೊದಲನೆಯದನ್ನು ನಾನೇ ಹೊಲಿದೆ, ತುಂಬಾ ಚೆನ್ನಾಗಿ ಬಂದಿದೆ. ನಿನ್ನ ಅಂಗಡಿ ತೆರೆಯುವುದು ಜನವರಿಯಲ್ಲಿ ತಾನೆ? ನಮ್ಮದು ಡಿಸೆಂಬರ್ ಎರಡನೇ ವಾರ ಹೊರಗೆ ಬರುತ್ತದೆ.